ಪಿಲ್ಲರ್ ಬುಡದಲ್ಲಿ ಹನಿಕೋಂಬ್ ಬಂದಿದೆ, ಯಾವ ಗ್ರೌಟ್ ಹಾಕಿಸಲಿ?

ಹೊಸಮನೆ ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸ್ತಾ ಇದ್ದೀವಿ. ಹನ್ನೆರಡು ಪಿಲ್ಲರ್ ಎದ್ದು, ಮೇಲೆ ಬೀಮ್ ಮತ್ತು ಮೋಲ್ಡ್ ಆಗಿ ಒಂದೂವರೆ ತಿಂಗಳಾಯ್ತು. ಮೊನ್ನೆ ಮಳೆ ಬಿಟ್ಟ ಮೇಲೆ ಕೆಸರು ತೊಳೆಯೋಣ ಅಂತ ಪೈಪಲ್ಲಿ ನೀರು ಬಿಟ್ಟರೆ, ಮೂಲೆ ಪಿಲ್ಲರಿನ ಬುಡದಲ್ಲಿ ಒಂದು ಹಪ್ಪಳದಷ್ಟು ಸಿಮೆಂಟು ಉದುರಿ ಬಿತ್ತು. ಹಿಂದೆ ನೋಡಿದರೆ ಬರೀ ಜಲ್ಲಿ, ಸಿಮೆಂಟೇ ಇಲ್ಲ, ಒಳಗೆ ರಾಡು ಕಾಣ್ತಾ ಇದೆ. ಇದಕ್ಕೇ ಹನಿಕೋಂಬ್ ಅಂತಾರೆ. ಛತ್ರಿ ಕಡ್ಡಿ ತೂರಿಸಿ ನೋಡಿದೆ, ಎರಡೂವರೆ ಇಂಚು ಒಳಗೆ ಹೋಯ್ತು. ಸೆಂಟ್ರಿಂಗ್ ಬಿಚ್ಚಿದ ದಿನವೇ ಸಿಮೆಂಟ್ ಹಾಲು ಬಳಿದು ಮುಚ್ಚಿದ್ದಾರೆ ಅಂತ ಈಗ ಗೊತ್ತಾಗ್ತಾ ಇದೆ. ಕಂಟ್ರಾಕ್ಟರನ್ನ ಕೇಳಿದರೆ "ಗ್ರೌಟ್ ಹಾಕಿದ್ರೆ ಆಯ್ತು ಬಿಡಿ ಸಾರ್, ಪ್ಲಾಸ್ಟರಲ್ಲಿ ಮುಚ್ಚಿಹೋಗುತ್ತೆ" ಅಂದರು.

ಪೇಟೆಗೆ ಹೋಗಿ ಗ್ರೌಟ್ ಕೊಡಿ ಅಂದೆ. ಒಂದು ಕಿಲೋ ಪ್ಯಾಕೆಟ್ ಕೊಟ್ಟು "ಯಾವ ಕಲರ್ ಬೇಕು?" ಅಂದರು. ಬಣ್ಣ ಕೇಳಿದಾಗಲೇ ಅನುಮಾನ ಬಂದು ವಾಪಸ್ ಬಂದೆ. ಪಿಲ್ಲರ್ 9 ಇಂಚು, 12 ಇಂಚು. ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ದಯವಿಟ್ಟು ತಿಳಿದವರು ಹೇಳಿ.

ಸೈಟ್ ಇಂಜಿನಿಯರ್ ಹಾಸನ

ಸರ್, ವಾಪಸ್ ಬಂದಿದ್ದು ಒಳ್ಳೇದಾಯ್ತು. ಅದು ಟೈಲ್ಸ್ ಸಂದಿಗೆ ತುಂಬೋ ಪುಡಿ. ಪಿಲ್ಲರಿಗೂ ಅದಕ್ಕೂ ಸಂಬಂಧ ಇಲ್ಲ.

ಎಲ್ಲಕ್ಕಿಂತ ಮೊದಲು, ಇನ್ನೂ ಯಾರೂ ಉಳಿ ಸುತ್ತಿಗೆ ಮುಟ್ಟಬೇಡಿ. ಮೇಲಿನ ಮೋಲ್ಡಿನ ಭಾರ ಈಗ ಅದೇ ಪಿಲ್ಲರ್ ಮೇಲಿದೆ. ಅದಕ್ಕೆ ಬಂದು ಸೇರೋ ಬೀಮುಗಳ ಕೆಳಗೆ ಜಾಕಿ ಪ್ರಾಪ್ಸ್, ಅಂದರೆ ತಿರುಗಿಸಿ ಎತ್ತರ ಮಾಡೋ ಕಬ್ಬಿಣದ ಆಸರೆ ಕಂಬ, ಕೊಟ್ಟು ಬಿಗಿ ಮಾಡಿ. ನಿಮ್ಮ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿದ ಇಂಜಿನಿಯರನ್ನ ಸೈಟಿಗೆ ಕರೆಸಿ ತೋರಿಸಿ, ಫೋಟೋ ಕಳಿಸಿದರೆ ಸಾಲದು.

ಗ್ರೌಟ್ ಅಂದರೆ ಪೊಳ್ಳು, ಸಂದಿ, ಬಿರುಕಿಗೆ ತುಂಬೋ ವಸ್ತು. ಆ ಒಂದೇ ಹೆಸರಲ್ಲಿ ನಾಲ್ಕೈದು ಬೇರೆ ಬೇರೆ ವಸ್ತು ಮಾರ್ತಾರೆ. ಯಾವುದು ಬೇಕು ಅನ್ನೋದನ್ನ ಅಂಗಡಿಯಲ್ಲಿ ತೀರ್ಮಾನ ಮಾಡೋಕೆ ಆಗಲ್ಲ, ಆ ಪೊಳ್ಳನ್ನ ನೋಡಿಯೇ ಹೇಳಬೇಕು. ಎಷ್ಟು ಅಗಲ, ಎಷ್ಟು ಆಳ, ಒಳಗೆ ಒದ್ದೆ ಇದೆಯಾ, ಅದರ ಮೇಲೆ ಭಾರ ಕೂತಿದೆಯಾ, ಬಿರುಕಾದರೆ ಇನ್ನೂ ಅಲ್ಲಾಡ್ತಾ ಇದೆಯಾ. ಇಷ್ಟು ತಿಳಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಹಾಗಾಗಿ ನಿಮ್ಮಿಂದ ಕೆಲವು ವಿವರ ಬೇಕು. ಪಿಲ್ಲರಿನ ಎಷ್ಟು ಮುಖದಲ್ಲಿದೆ? ಮೇನ್ ರಾಡಿನ ಹಿಂದಕ್ಕೂ ಹೋಗಿದೆಯಾ? ಸಣ್ಣ ಸುತ್ತಿಗೆಯಿಂದ ಬುಡದಿಂದ ಮೇಲಕ್ಕೆ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಶಬ್ದ ಎಲ್ಲಿ ನಿಂತು ಗಟ್ಟಿ ಶಬ್ದ ಶುರುವಾಗುತ್ತೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಹನ್ನೆರಡೂ ಪಿಲ್ಲರಿಗೆ ಹೀಗೇ ಮಾಡಿ.

ಗಾರೆ ಮೇಸ್ತ್ರಿ

ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೀನಿ. ಹನಿಕೋಂಬ್ ಯಾವ ಸೈಟಲ್ಲೂ ಬರುತ್ತೆ. ಕಾಂಕ್ರೀಟನ್ನ ಮೇಲಿಂದ ಸುರೀತಾರೆ, ಜಲ್ಲಿ ಮೊದಲು ಕೆಳಗೆ ಬೀಳುತ್ತೆ, ಸ್ಟಾರ್ಟರ್ (ಬುಡದಲ್ಲಿ ಮೊದಲು ಹಾಕೋ ಗಿಡ್ಡ ಕಾಂಕ್ರೀಟ್) ಮತ್ತು ಸೆಂಟ್ರಿಂಗ್ ಶೀಟ್ ಮಧ್ಯೆ ಸಂದಿ ಇದ್ದರೆ ಸಿಮೆಂಟ್ ಹಾಲೆಲ್ಲಾ ಹೊರಗೆ ಹರಿದುಹೋಗುತ್ತೆ. ನಾವು ಸಿಮೆಂಟಿಗೆ ನೀರು ಕಲಸಿ ಹಾಲು ಮಾಡಿ ತುಂಬಿಸ್ತಿದ್ವಿ, ಆ ಮನೆಗಳೆಲ್ಲಾ ನಿಂತಿವೆ. ಕಂಪನಿ ಗ್ರೌಟಿನ 25 ಕಿಲೋ ಚೀಲಕ್ಕೆ ಅಷ್ಟು ದುಡ್ಡು ಕೊಟ್ಟು ತರೋದು ಎಲ್ಲದಕ್ಕೂ ಬೇಕಾ?

ಸೈಟ್ ಇಂಜಿನಿಯರ್ ಹಾಸನ

ಮೇಸ್ತ್ರಿಯವರೇ, ಕಾರಣ ಸರಿಯಾಗಿ ಹೇಳಿದಿರಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಕೂಡ ಕಾಂಕ್ರೀಟನ್ನ 1.5 ಮೀಟರಿಗಿಂತ ಎತ್ತರದಿಂದ ಬಿಡಬೇಡಿ ಅನ್ನುತ್ತೆ. ಹತ್ತಡಿ ಪಿಲ್ಲರನ್ನ ಒಂದೇ ಸಲಕ್ಕೆ ಮೇಲಿಂದ ತುಂಬಿದರೆ ಬುಡ ಹೀಗೇ ಆಗೋದು.

ಬರೀ ಸಿಮೆಂಟು ನೀರಿನ ಗ್ರೌಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಬಂಡೆಯ ಬಿರುಕು, ದಪ್ಪ ಕಲ್ಲುಗೋಡೆಯ ಒಳಗಿನ ಪೊಳ್ಳು, ಅಣೆಕಟ್ಟಿನ ತಳಪಾಯ, ಇಲ್ಲೆಲ್ಲಾ ಇವತ್ತಿಗೂ ಅದನ್ನೇ ಪಂಪ್ ಮಾಡೋದು. ಸುತ್ತ ಕಲ್ಲು ಹಿಡಿದಿರುತ್ತೆ, ಸ್ವಲ್ಪ ಕುಗ್ಗಿದರೂ ನಡೆಯುತ್ತೆ. ಪಿಲ್ಲರಿನ ಕತೆ ಬೇರೆ. ಸಿಮೆಂಟು ಗಟ್ಟಿಯಾಗೋಕೆ ನಿಜಕ್ಕೂ ಬೇಕಾದ ನೀರು ಅದರ ತೂಕದ ಕಾಲು ಭಾಗದಷ್ಟು. ಹರಿಯಲಿ ಅಂತ ನಾವು ಅದರ ಎರಡರಷ್ಟು ಹಾಕ್ತೀವಿ. ಮಿಕ್ಕ ನೀರು ಮೇಲಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಆರಿಹೋಗುತ್ತೆ. ತುಂಬಿದ ಜಾಗದ ನೆತ್ತಿಯಲ್ಲಿ, ಅಂದರೆ ಮೇಲಿನ ಭಾರ ಇಳಿದು ಬರಬೇಕಾದ ಕಡೆಯಲ್ಲೇ, ಒಂದು ಗೆರೆ ಸಂದಿ ಉಳಿಯುತ್ತೆ. ಹೊರಗಿಂದ ಕಾಣಲ್ಲ.

ಮಸ್ಕತ್ ಕ್ಯೂಸಿ

ಈ ಮಾತನ್ನ ಮನೆಯಲ್ಲೇ ನೋಡಬಹುದು. ಒಂದು ಕಿಲೋ ಸಿಮೆಂಟಿಗೆ ಅರ್ಧ ಲೀಟರ್ ನೀರು ಹಾಕಿ ಚೆನ್ನಾಗಿ ಕಲಸಿ, ಉದ್ದನೆಯ ಪಾರದರ್ಶಕ ಬಾಟಲಿಗೆ ತುಂಬಿ ಅಲ್ಲಾಡಿಸದೆ ಎರಡು ಮೂರು ಗಂಟೆ ಇಡಿ. ಮೇಲೆ ತಿಳಿನೀರು ನಿಲ್ಲುತ್ತೆ. ಆ ನೀರಿನಷ್ಟು ಜಾಗ ನಾಳೆ ಖಾಲಿ.

ನಾನ್-ಶ್ರಿಂಕ್, ಅಂದರೆ ಕುಗ್ಗದ ಗ್ರೌಟಿನಲ್ಲಿ ಇದನ್ನ ತಡೆಯೋಕೆ ಎರಡು ಉಪಾಯ ಇವೆ. ಒಂದು, ಅತ್ಯಲ್ಪ ಪ್ರಮಾಣದ ಅಲ್ಯೂಮಿನಿಯಂ ಪುಡಿಯಂಥದ್ದು. ಸಿಮೆಂಟಿನ ಕ್ಷಾರಕ್ಕೆ ತಾಗಿ ಹೈಡ್ರೋಜನ್ ಗುಳ್ಳೆ ಬಿಡುತ್ತೆ, ಗ್ರೌಟ್ ಇನ್ನೂ ಮೆತ್ತಗಿರುವಾಗಲೇ ಇಡ್ಲಿ ಹಿಟ್ಟಿನ ಹಾಗೆ ಸ್ವಲ್ಪ ಉಬ್ಬಿ ಮೇಲಿನ ಮೈಗೆ ಒತ್ತಿ ಕೂರುತ್ತೆ. ಇನ್ನೊಂದು, ಗಟ್ಟಿಯಾಗೋ ಹೊತ್ತಲ್ಲಿ ಎಟ್ರಿಂಗೈಟ್ ಅನ್ನೋ ಹರಳು ಬೆಳೆದು ಕುಗ್ಗುವಿಕೆಯನ್ನ ಸರಿದೂಗಿಸೋದು. ಮೊದಲನೆಯದಕ್ಕೆ ಸಮಯ ಮುಖ್ಯ. ಕಲಸಿ ಇಪ್ಪತ್ತು ಮೂವತ್ತು ನಿಮಿಷದೊಳಗೆ ಸುರಿದುಬಿಡಬೇಕು. ಚಹಾ ಕುಡಿದು ಬಂದು ಸುರಿದರೆ ಗುಳ್ಳೆಯೆಲ್ಲಾ ಬಾಂಡಲಿಯಲ್ಲೇ ಮುಗಿದಿರುತ್ತೆ. ಮತ್ತೆ, ಸುತ್ತಲೂ ಬಿಗಿಯಾದ ಶೀಟ್ ಇರಬೇಕು. ತೆರೆದ ಜಾಗದಲ್ಲಿ ಉಬ್ಬಿದರೆ ಬರೀ ಸ್ಪಂಜು.

ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತೆ. ನಾವು ಐಸ್ ಹಾಕಿದ ನೀರಲ್ಲೇ ಕಲಸೋದು, ಚೀಲಗಳನ್ನ ಹಿಂದಿನ ದಿನದಿಂದಲೇ ನೆರಳಲ್ಲಿ ಇಡೋದು. ಹರಿವನ್ನ ಕೋನ್‌ನಲ್ಲಿ, ಅಂದರೆ ಅಳತೆಯ ಲಾಳಿಕೆಯಲ್ಲಿ, ನೋಡ್ತೀವಿ. ಬರೀ ನೀರು ಆ ಕೋನಿನಿಂದ 8 ಸೆಕೆಂಡಲ್ಲಿ ಇಳಿಯುತ್ತೆ. ಗ್ರೌಟ್ ಎಷ್ಟು ಸೆಕೆಂಡ್ ತಗೊಳ್ಳುತ್ತೆ ಅನ್ನೋದರ ಮೇಲೆ ಅದು ಕಬ್ಬಿಣದ ಕಂಬದ ಬುಡದ ಪ್ಲೇಟಿನ ಕೆಳಗೆ ಹರಿದು ಆ ಕಡೆ ಮುಟ್ಟುತ್ತಾ ಇಲ್ಲವಾ ಅಂತ ಅಂದಾಜು ಸಿಗುತ್ತೆ.

ಹುಬ್ಬಳ್ಳಿ ಶೆಡ್

ಸಂದಿ ಉಳೀತದ ಅನ್ನೂದು ಖರೇ ಐತ್ರೀ, ನಾ ಕಣ್ಣಾರೆ ನೋಡೇನಿ. ನಮ್ಮದೊಂದು ಗೋಡೌನ್ ಶೆಡ್. ಕಬ್ಬಿಣದ ಕಂಬದ ಬುಡದ ಪ್ಲೇಟಿಗೂ ಕೆಳಗಿನ ಕಾಂಕ್ರೀಟಿಗೂ ನಡುವ ಒಂದೂವರಿ ಇಂಚು ಸಂದಿ ಇಟ್ಟಿದ್ರು, ಲೆವೆಲ್ ಮಾಡ್ಲಿಕ್ಕೆ. ಅದಕ್ಕ ಸಿಮೆಂಟ್ ಹಾಲು ಸುರಿದು ಸುತ್ತ ಚಂದಂಗ ಮುಚ್ಚಿದ್ರು. ಎರಡು ತಿಂಗಳಾದ ಮ್ಯಾಲ ಗಾಳಿ ಬೀಸಿದಾಗೊಮ್ಮೆ ಕಟಕಟ ಸಪ್ಪಳ. ಅಂಚು ಒಡದು ಹ್ಯಾಕ್ಸಾ ಬ್ಲೇಡ್ ತೂರಿಸಿದ್ರ ಪ್ಲೇಟಿನ ಕೆಳಗ ಸರಳ ಒಳಗ ಹೋತು, ನಡುಮಟ್ಟ. ಅಂದ್ರ ಇಡೀ ಕಂಬದ ಭಾರ ನಾಲ್ಕ ನಟ್ ಮ್ಯಾಲ ನಿಂತಿತ್ತು.

ಆಮೇಲೆ ಹಳೇದೆಲ್ಲಾ ಕೆತ್ತಿ ತಗದು ನಾನ್-ಶ್ರಿಂಕ್ ಫ್ರೀ ಫ್ಲೋ ಗ್ರೌಟ್ ಹಾಕಿಸಿದ್ವಿ. ಹಾಕಲಿಕ್ಕೆ ಬಂದಾವ್ರು ಒಂದು ಮಾತು ಹೇಳಿದ್ರು, ಅದನ್ನ ನಾ ಮರ್ತಿಲ್ಲ. ಒಂದ ಕಡೆಯಿಂದ ಸುರೀಬೇಕು, ಎದುರಿನ ಕಡೆಯಿಂದ ಹೊರಗ ಬರೂತನಕಾ ನಿಲ್ಲಿಸಬಾರದು. ನಾಲ್ಕೂ ಕಡೆಯಿಂದ ಸುರಿದ್ರ ಗಾಳಿ ನಡುವ ಸಿಕ್ಕೊಂಡು ಅಲ್ಲೇ ಉಳೀತದ.

ಹೊಸಮನೆ ತೀರ್ಥಹಳ್ಳಿ

ಎಲ್ಲಾ ಪಿಲ್ಲರ್ ತಟ್ಟಿ ನೋಡಿದೆ. ಒಂಬತ್ತು ಗಟ್ಟಿ ಇವೆ. ಎರಡರಲ್ಲಿ ಮೇಲ್ಮೈಯಲ್ಲಿ ಮಾತ್ರ, ಅರ್ಧ ಇಂಚಿಗಿಂತ ಕಡಿಮೆ, ರಾಡ್ ಕಾಣಲ್ಲ. ಮೂಲೆಯದ್ದು ಮಾತ್ರ ಜೋರು. ಎರಡು ಮುಖದಲ್ಲಿದೆ, ಬುಡದಿಂದ 14 ಇಂಚು ಎತ್ತರದವರೆಗೆ ಟೊಳ್ಳು ಶಬ್ದ. ಮೇನ್ ರಾಡಿನ ಹಿಂದಕ್ಕೂ ಬೆರಳು ಹೋಗುತ್ತೆ. ರಾಡಿಗೆ ತೆಳುವಾಗಿ ಕೆಂಪು ತುಕ್ಕು ಬಂದಿದೆ, ಉಜ್ಜಿದರೆ ಹೋಗುತ್ತೆ. ನಮ್ಮ ಇಂಜಿನಿಯರ್ ಶನಿವಾರ ಬರ್ತಾರಂತೆ. ಪ್ರಾಪ್ಸ್ ಇವತ್ತೇ ಕೊಡಿಸಿದೆ.

ಸೈಟ್ ಇಂಜಿನಿಯರ್ ಹಾಸನ

ಚೆನ್ನಾಗಿ ಮಾಡಿದಿರಿ. ಶನಿವಾರ ಬರುವವರ ತೀರ್ಮಾನವೇ ಕೊನೆಯದು, ನನ್ನ ಅಭಿಪ್ರಾಯ ಹೇಳ್ತೀನಿ.

ಮೇಲ್ಮೈಯಲ್ಲಿ ಮಾತ್ರ ಇರೋ ಎರಡು ಪಿಲ್ಲರಿಗೆ ಗ್ರೌಟ್ ಬೇಡ. ಸಡಿಲ ಜಲ್ಲಿ ತೆಗೆದು, ಪಾಲಿಮರ್ ಸೇರಿಸಿದ ರಿಪೇರಿ ಗಾರೆಯನ್ನ ಕರಣೆಯಲ್ಲಿ ಒತ್ತಿ ತುಂಬಿದರೆ ಸಾಕು. ತೆಳು ಜಾಗಕ್ಕೆ ಹರಿಯೋ ಗ್ರೌಟ್ ಹಾಕೋದು ಕಷ್ಟ, ಅಂಚು ಬಿಟ್ಟುಕೊಳ್ಳುತ್ತೆ.

ಕೆಲವು ಕಡೆ ಹನಿಕೋಂಬ್ ಹೊರಗೆ ಕಾಣಲ್ಲ, ಒಳಗೆ ಮಾತ್ರ ಪೊಳ್ಳಿರುತ್ತೆ. ಅಲ್ಲಿ ತೂತು ಕೊರೆದು ನಿಪ್ಪಲ್ (ಸಣ್ಣ ಕೊಳವೆ) ಕೂರಿಸಿ ಸಿಮೆಂಟ್ ಗ್ರೌಟನ್ನ ಪಂಪಿನಿಂದ ತಳ್ಳೋದು ಸರಿ. ಅದಕ್ಕೆ 50 ಕಿಲೋ ಸಿಮೆಂಟ್ ಚೀಲಕ್ಕೆ 225 ಗ್ರಾಮಿನ ಒಂದು ಪೊಟ್ಟಣ ಹಾಕೋ ಹಾಗೆ ಕುಗ್ಗದಂತೆ ಮಾಡೋ ಪುಡಿಯೂ ಸಿಗುತ್ತೆ, ನೀರನ್ನೂ ಕಡಿಮೆ ಮಾಡಬಹುದು. ಮೇಸ್ತ್ರಿಯವರ ಕೆಲಸಕ್ಕೆ ಇದು ಕಡಿಮೆ ಖರ್ಚಿನ ದಾರಿ.

ಮೂಲೆ ಪಿಲ್ಲರ್ ಅದಲ್ಲ. ಅಲ್ಲಿ ಜಲ್ಲಿಯೇ ಸಡಿಲ ಇದೆ, ಅದರ ಮೇಲೆ ಎಷ್ಟು ಒಳ್ಳೆ ಗ್ರೌಟ್ ಹರಿಸಿದರೂ ಧೂಳಿಗೆ ಅಂಟುತ್ತೆ. ಗಟ್ಟಿ ಕಾಂಕ್ರೀಟ್ ಸಿಗೋವರೆಗೆ ಕೆತ್ತಬೇಕು, ಮೇನ್ ರಾಡಿನ ಹಿಂದೆ ಒಂದು ಇಂಚಾದರೂ ಜಾಗ ಬಿಡಿಸಬೇಕು. ಬ್ರೇಕರ್ ಬೇಡ, ಉಳಿ ಸುತ್ತಿಗೆ ಅಥವಾ ಸಣ್ಣ ಚಿಪ್ಪಿಂಗ್ ಮಷೀನ್. ಎರಡು ಮುಖವನ್ನೂ ಒಂದೇ ದಿನ ಬಿಚ್ಚಬೇಡಿ. ಒಂದು ಮುಖ ಮುಗಿಸಿ, ಅದು ಬಲ ಬಂದ ಮೇಲೆ ಇನ್ನೊಂದು. ಮೇಲಿನ ಅಂಚನ್ನ ಒಳಗಿನಿಂದ ಹೊರಕ್ಕೆ ಮೇಲ್ಮುಖವಾಗಿ ಇಳಿಜಾರು ಕೆತ್ತಿಸಿ. ಚಪ್ಪಟೆಯಾಗಿ ಕೆತ್ತಿದರೆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತೆ. ರಾಡನ್ನ ತಂತಿ ಬ್ರಶ್ಶಿನಿಂದ ಉಜ್ಜಿ.

ಲೆಕ್ಕ ನೋಡಿ. 300 ಮಿ.ಮೀ. ಅಗಲ, 350 ಎತ್ತರ, 100 ಆಳ ಅಂದುಕೊಂಡರೂ ಒಂದು ಮುಖಕ್ಕೆ ಹತ್ತು ಹತ್ತೂವರೆ ಲೀಟರ್. 25 ಕಿಲೋ ಚೀಲದಿಂದ ಸುಮಾರು 13 ಲೀಟರ್ ಗ್ರೌಟ್ ಸಿಗುತ್ತೆ. ಎರಡು ಚೀಲ ಸಾಕು, ಮೂರು ತನ್ನಿ. ಬಡ್ಡಿ ಸಾಲ ಮಾಡೋವಷ್ಟು ಖರ್ಚೇನಲ್ಲ ಇದು, ಕೆತ್ತೋ ಕೂಲಿಯೇ ಜಾಸ್ತಿ.

ಗಾರೆ ಮೇಸ್ತ್ರಿ

ಎರಡು ಚೀಲದ ಮಾತಾದರೆ ನನ್ನದೇನೂ ತಕರಾರಿಲ್ಲ. ಅಂಗಡಿಯಲ್ಲಿ ಗ್ರೌಟ್ ಬೇರೆ, ಮೈಕ್ರೋ ಕಾಂಕ್ರೀಟ್ ಬೇರೆ ಅಂತಾರಲ್ಲ, ಇವರಿಗೆ ಯಾವುದು?

ಸೈಟ್ ಇಂಜಿನಿಯರ್ ಹಾಸನ

ನಾಲ್ಕು ಇಂಚಿನವರೆಗಿನ ದಪ್ಪಕ್ಕೆ ನಾನ್-ಶ್ರಿಂಕ್ ಗ್ರೌಟ್ ಒಂದೇ ಸಲಕ್ಕೆ ನಡೆಯುತ್ತೆ. ಅದಕ್ಕಿಂತ ದಪ್ಪ ಆದರೆ, ಅಥವಾ ಇಡೀ ಪಿಲ್ಲರ್ ಸುತ್ತ ಜಾಕೆಟಿಂಗ್, ಅಂದರೆ ಹೊಸ ಪದರ ಹಾಕೋದಾದರೆ, ಮೈಕ್ರೋ ಕಾಂಕ್ರೀಟ್, ಅಂದರೆ ಸಣ್ಣ ಜಲ್ಲಿ ಇರೋ ಹರಿಯೋ ಕಾಂಕ್ರೀಟ್. ಗ್ರೌಟಿನಲ್ಲಿ ಸಿಮೆಂಟ್ ಅಂಶ ಜಾಸ್ತಿ, ದಪ್ಪ ಹಾಕಿದರೆ ಬಿಸಿಯೇರಿ ಬಿರುಕು ಬಿಡುತ್ತೆ. ತೊಳೆದ ಸಣ್ಣ ಜಲ್ಲಿ, ಹತ್ತು ಮಿ.ಮೀ.ಗಿಂತ ಕಡಿಮೆಯದ್ದು, ಸೇರಿಸಿದರೆ ಆ ಬಿಸಿ ತಗ್ಗುತ್ತೆ. ಎಷ್ಟು ಸೇರಿಸಬಹುದು ಅಂತ ಚೀಲದ ಮೇಲೆಯೇ ಬರೆದಿರುತ್ತೆ. ಇವರದ್ದು ಗಡಿಯಲ್ಲಿದೆ, ಎರಡರಲ್ಲಿ ಯಾವುದಾದರೂ ಸರಿ. ರಾಡ್ ದಟ್ಟವಾಗಿದ್ದರೆ ನಾನಾದರೆ ಗ್ರೌಟೇ ಹಾಕ್ತೀನಿ.

ಸುರತ್ಕಲ್ ಮನೆ

ನಮ್ಮ ಅನುಭವ ಸ್ವಲ್ಪ ಬೇರೆ ಉಂಟು. ಸಮುದ್ರಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ ಮನೆ, ಹಳೆಯದು. ಸಿಟೌಟಿನ ಬೀಮಿನಲ್ಲಿ ರಾಡಿನ ಉದ್ದಕ್ಕೂ ಬಿರುಕು ಬಂದಿತ್ತು. ಒಬ್ಬರು ಬಂದು ನಿಪ್ಪಲ್ ಹಾಕಿ ಗ್ರೌಟ್ ಪಂಪ್ ಮಾಡಿ ಕೊಟ್ಟರು, ಚಂದ ಕಂಡಿತು. ಎರಡು ಮಳೆಗಾಲ ಕಳೆದದ್ದೇ ತಡ, ಅದೇ ಜಾಗ ದಪ್ಪ ಪದರವಾಗಿ ಕಳಚಿ ಬಿತ್ತು ಮಾರಾಯ್ರೆ. ಕೆಳಗೆ ಮಕ್ಕಳು ಆಡುವ ಜಾಗ ಅದು.

ಆಮೇಲೆ ಬಂದ ಇಂಜಿನಿಯರ್ ಮೇಡಂ ಕಾಂಕ್ರೀಟ್ ಒಡೆದು ತಾಜಾ ಮುಖಕ್ಕೆ ಫಿನಾಲ್ಫ್ತಲೀನ್ ಚಿಮುಕಿಸಿ ತೋರಿಸಿದರು. ಒಳ್ಳೆ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮದು ರಾಡಿನವರೆಗೂ ಬಣ್ಣವೇ ಬರಲಿಲ್ಲ, ಅಂದರೆ ರಾಡನ್ನು ತುಕ್ಕಿನಿಂದ ಕಾಯುವ ಕ್ಷಾರ ಹೋಗಿತ್ತು. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದಂತೆ. ಬಿರುಕಿಗೆ ನೀವು ಏನು ತುಂಬಿದರೂ ಒಳಗಿನಿಂದ ಅದು ನೂಕುತ್ತಲೇ ಇರುತ್ತದೆ. ರಾಡಿನ ಸುತ್ತ ಬಿಡಿಸಿ, ತುಕ್ಕು ತೆಗೆದು, ಸವೆದ ಕಡೆ ಹೊಸ ರಾಡ್ ಕೊಟ್ಟು, ಮೈಕ್ರೋ ಕಾಂಕ್ರೀಟ್ ಹಾಕಿದ ಮೇಲೆ ಈಗ ನಾಲ್ಕು ವರ್ಷ ಆಯಿತು, ಸರಿ ಉಂಟು. ಕರಾವಳಿಯವರು ರಾಡಿನ ಉದ್ದಕ್ಕೆ ಬಂದ ಬಿರುಕಿಗೆ ದಯವಿಟ್ಟು ಬರೇ ಗ್ರೌಟ್ ಮಾಡಿಸಬೇಡಿ.

ಗದಗ ಎರೆಹೊಲ

ನಮ್ಮ ಮನಿ ಗ್ವಾಡಿ ಬ್ಯಾಸಗ್ಯಾಗ ಬಿರುಕು ಬಿಡತೈತಿ, ಮಳಿಗಾಲದಾಗ ಅರ್ಧ ಮುಚ್ಚಿಕೊಳ್ಳತೈತಿ. ಎಪಾಕ್ಸಿ ಹಾಕ್ರಿ ಅಂತ ಒಬ್ರು ಹೇಳ್ಯಾರ. ಹಾಕಸ್ಲ್ಯಾ?

ಸೈಟ್ ಇಂಜಿನಿಯರ್ ಹಾಸನ

ಬೇಡ ಸರ್. ಎರೆ ಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತೆ, ನಿಮ್ಮ ಗೋಡೆ ಅದರ ಜೊತೆ ಏರಿಳೀತಾ ಇದೆ. ಜೀವ ಇರೋ ಬಿರುಕಿಗೆ ಎಪಾಕ್ಸಿ ತುಂಬಿದರೆ ಪಕ್ಕದಲ್ಲಿ ಹೊಸದೊಂದು ಬಿಡುತ್ತೆ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿಯನ್ನ ಎರಡೂ ತುದಿಗೆ ಗಾರೆಯಲ್ಲಿ ಅಂಟಿಸಿ, ತಾರೀಖು ಬರೆದಿಡಿ. ಒಂದು ವರ್ಷದೊಳಗೆ ಗಾಜು ಸೀಳಿದರೆ ಕೆಲಸ ಆಗಬೇಕಾದ್ದು ತಳಪಾಯದ ಸುತ್ತ, ಮಳೆನೀರು ಬುಡಕ್ಕೆ ಇಂಗದ ಹಾಗೆ.

ಎಪಾಕ್ಸಿ ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗೋ ಅಂಟು, ಅದಕ್ಕೆ ಅದರದೇ ಜಾಗ ಇದೆ. ಕೂದಲಿನಂಥ, ಒಣಗಿದ, ಅಲ್ಲಾಡದ ಬಿರುಕಿಗೆ ಅದನ್ನ ಬಿಟ್ಟರೆ ಬೇರೆ ಇಲ್ಲ, ಯಾಕಂದರೆ ಸಿಮೆಂಟಿನ ಕಣವೇ ಅಲ್ಲಿ ತೂರಲ್ಲ. ಬಿರುಕಿನ ಅಗಲ ಕಣದ ಮೂರು ಪಟ್ಟಾದರೂ ಇರಬೇಕು, ಇಲ್ಲಾಂದ್ರೆ ಬಾಯಲ್ಲೇ ಕಟ್ಟಿಕೊಳ್ಳುತ್ತೆ. ಮಾಮೂಲಿ ಸಿಮೆಂಟಿನ ದೊಡ್ಡ ಕಣಗಳು 80–100 ಮೈಕ್ರಾನ್ ಇರುತ್ತವೆ. ಹಾಗಾಗಿ 0.3 ಮಿ.ಮೀ.ಗಿಂತ ಸಣ್ಣ ಬಿರುಕಿಗೆ ಸಿಮೆಂಟ್ ಹಾಲು ಸುರಿಯೋದು ವ್ಯರ್ಥ. ತುಂಬಾ ನುಣ್ಣಗೆ ಅರೆದ ಮೈಕ್ರೋಫೈನ್ ಸಿಮೆಂಟ್ ಸ್ವಲ್ಪ ಕಿರಿದಾದ ಕಡೆಗೂ ಹೋಗುತ್ತೆ. 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಗೆ ಅಡ್ಡ ಬಿರುಕು ಬಂದಾಗ ಎಪಾಕ್ಸಿಯನ್ನೇ ಒತ್ತಡದಲ್ಲಿ ತುಂಬಿದ್ದು. ಆದರೆ ಅಷ್ಟಕ್ಕೇ ಬಿಡಲಿಲ್ಲ, ಉಕ್ಕಿನ ಕೇಬಲ್‌ಗಳಿಂದ ಬಿಗಿದರು, ಆಮೇಲೆ ಹಿಂಬದಿಗೆ ಕಾಂಕ್ರೀಟಿನ ಆನಿಕೆಯನ್ನೂ ಕಟ್ಟಿದರು.

ನೀರು ಜಿನುಗುತ್ತಾ ಇರೋ ಬಿರುಕಾದರೆ, ಸಂಪು, ನೆಲಮಾಳಿಗೆ ಇಂಥ ಕಡೆ, ಪಿಯು (ಪಾಲಿಯುರೆಥೇನ್) ಗ್ರೌಟ್. ಅದು ನೀರು ತಾಗಿದರೆ ನೊರೆಯಾಗಿ ಉಬ್ಬಿ ಸೋರಿಕೆ ನಿಲ್ಲಿಸುತ್ತೆ. ಭಾರ ಹೊರುತ್ತೆ ಅಂತ ಮಾತ್ರ ನಂಬಬೇಡಿ.

ಹಳೆ ಕಟ್ಟಡ ಮೈಸೂರು

ಚರ್ಚೆ ಕಾಂಕ್ರೀಟಿನ ಕಡೆಗೇ ಇದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ, ಇಟ್ಟಿಗೆಯ ಹಳೆ ಮನೆ ಇರುವವರಿಗಾಗಿ ಒಂದೆರಡು ಮಾತು. ಕೃಷ್ಣರಾಜಸಾಗರದ ಅಣೆಕಟ್ಟೆಯನ್ನೇ ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆ ಪುಡಿ ಸೇರಿಸಿ, ಕಟ್ಟಿದ್ದು. ಆ ಕಾಲದ ಮನೆ, ಛತ್ರ, ಗುಡಿಗಳ ಗೋಡೆಗಳಿಗೆ ಎರಡು ಹೊರ ಮೈ, ನಡುವೆ ಚೂರುಕಲ್ಲು ತುಂಬಿರುತ್ತದೆ. ಗಾರೆ ತೊಳೆದುಹೋಗಿ ನಡುವೆ ಪೊಳ್ಳಾದಾಗ ಗೋಡೆ ಹೊಟ್ಟೆ ಬಿಡುತ್ತದೆ. ಅಲ್ಲಿಗೆ 60 ಎಂಪಿಎ ಬಲದ, ಅಂದರೆ ತುಂಬಾ ಗಟ್ಟಿಯಾದ ಸಿಮೆಂಟ್ ಗ್ರೌಟ್ ತುಂಬಿದರೆ ಮೆತ್ತನೆಯ ಗೋಡೆಯೊಳಗೆ ಕಗ್ಗಲ್ಲಿನ ತುಂಡು ಕೂರಿಸಿದಂತೆ. ಭಾರವೆಲ್ಲ ಅದರ ಮೇಲೆ ಸರಿದು ಸುತ್ತಲಿನ ಕಲ್ಲು ಸಿಡಿಯುತ್ತದೆ. ಸಿಮೆಂಟಿನ ಲವಣಗಳು ಹೊರಬಂದು ಕಲ್ಲಿನ ಮೈ ಪುಡಿಪುಡಿಯಾಗುತ್ತದೆ, ಗೋಡೆಯೊಳಗಿನ ತೇವ ಆರಲು ದಾರಿಯೂ ಇರುವುದಿಲ್ಲ.

ಇಂಥ ಗೋಡೆಗೆ ಹೈಡ್ರಾಲಿಕ್ ಸುಣ್ಣದ, ಅಂದರೆ ತೇವದಲ್ಲೂ ಗಟ್ಟಿಯಾಗುವ ಸುಣ್ಣದ ಗ್ರೌಟ್. ಪಂಪ್ ಬೇಕಿಲ್ಲ. ಬಕೆಟ್ಟನ್ನು ಆಳೆತ್ತರಕ್ಕೆ ಕಟ್ಟಿ ಟ್ಯೂಬಿನಿಂದ ಬಿಟ್ಟರೆ ಅಷ್ಟೇ ಒತ್ತಡ ಸಾಕು. ಕೆಳಗಿನ ತೂತಿನಿಂದ ಶುರುಮಾಡಿ, ಮೇಲಿನ ತೂತಿನಲ್ಲಿ ಗ್ರೌಟ್ ಕಂಡ ಮೇಲೆ ಕೆಳಗಿನದಕ್ಕೆ ಬೆಣೆ ಹೊಡೆದು ಮೇಲಕ್ಕೆ ಹೋಗಿ. ದಿನಕ್ಕೆ ಎರಡು ಮೂರು ಅಡಿ ಎತ್ತರ ಮೀರಬೇಡಿ, ಒದ್ದೆ ಗ್ರೌಟಿನ ಭಾರಕ್ಕೆ ಗೋಡೆ ಒಡೆದುಕೊಂಡೀತು. ಮಣ್ಣಿನ ಗಾರೆಯ ಗೋಡೆಯಾದರೆ ಮೊದಲು ನೀರು ಬಿಟ್ಟು ತೊಳೆಯುವ ಪದ್ಧತಿಯನ್ನೂ ಬಿಡಬೇಕು, ಇದ್ದ ಮಣ್ಣೂ ಕೊಚ್ಚಿಹೋಗುತ್ತದೆ.

ಹೊಸಮನೆ ತೀರ್ಥಹಳ್ಳಿ

ಕೆಲಸ ಆಯ್ತು, ವಿವರ ಬರೀತೀನಿ.

ನಮ್ಮ ಇಂಜಿನಿಯರ್ ಬಂದು ನೋಡಿ, ನಾನ್-ಶ್ರಿಂಕ್ ಗ್ರೌಟೇ ಸಾಕು, ರಾಡ್ ಸೇರಿಸಬೇಕಿಲ್ಲ ಅಂದರು. ಒಂದು ಮುಖ ಕೆತ್ತೋಕೆ ಇಡೀ ದಿನ ಬೇಕಾಯ್ತು. ಒಳಗೆ ಒಂದು ಕಡೆ ಸೆಂಟ್ರಿಂಗಿನ ಮರದ ಚಕ್ಕೆಯೇ ಸಿಕ್ಕಿತು, ಅಂಗೈಯಷ್ಟು. ಹಿಂದಿನ ರಾತ್ರಿಯೇ ಒದ್ದೆ ಗೋಣಿಚೀಲ ತುರುಕಿ ಇಟ್ಟು, ಬೆಳಿಗ್ಗೆ ತೆಗೆದು, ನಿಂತ ನೀರನ್ನ ಸ್ಪಂಜಲ್ಲಿ ಒರೆಸಿದೆವು. ಶೀಟಿನ ಸಂದಿಗೆಲ್ಲಾ ಎಂ-ಸೀಲ್ ಹಚ್ಚಿದೆವು. ಮೇಲೆ ಹಕ್ಕಿಯ ಕೊಕ್ಕಿನ ಹಾಗೆ ಶೀಟನ್ನ ಹೊರಕ್ಕೆ ಬಗ್ಗಿಸಿ ಸುರಿಯೋಕೆ ಬಾಯಿ ಮಾಡಿದರು.

ಚೀಲದ ಮೇಲೆ ನಾಲ್ಕೂವರೆ ಲೀಟರ್ ನೀರು ಅಂತ ಇತ್ತು. ಕಲಸೋ ಹುಡುಗ ಅಂದಾಜಲ್ಲಿ ಮಗ್ ಎತ್ತಿದ. ಬೇಡಪ್ಪಾ ಅಂತ ಒಂದು ಲೀಟರ್ ನೀರಿನ ಬಾಟಲಿ ತಂದು, ನಾಲ್ಕು ಬಾಟಲಿ ಮತ್ತೊಂದು ಅರ್ಧ ಅಳೆದು ಕೊಟ್ಟೆ. ಮೊದಲು ನೀರು, ಆಮೇಲೆ ಪುಡಿ, ಡ್ರಿಲ್ಲಿಗೆ ಕಡಗೋಲಿನಂಥದ್ದು ಸಿಕ್ಕಿಸಿ ನಾಲ್ಕು ನಿಮಿಷ. ಶುರುವಲ್ಲಿ ಗಟ್ಟಿಯಾಗೇ ಕಾಣ್ತಿತ್ತು, ಹುಡುಗ ಇನ್ನಷ್ಟು ನೀರು ಕೇಳಿದ. ಮೂರನೇ ನಿಮಿಷಕ್ಕೆ ತಾನಾಗಿ ಮಜ್ಜಿಗೆ ಹುಳಿಯ ಹದಕ್ಕೆ ಇಳೀತು.

ಮಸ್ಕತ್ ಕ್ಯೂಸಿ

ಆ ಮೂರನೇ ನಿಮಿಷದವರೆಗೆ ಕಾಯೋದೇ ಕಷ್ಟ. ಅಲ್ಲಿ ಒಂದು ಮಗ್ ಹೆಚ್ಚು ಹಾಕಿದ್ದರೆ ಚೀಲಕ್ಕೆ ಕೊಟ್ಟ ದುಡ್ಡೆಲ್ಲಾ ನೀರಲ್ಲಿ ಹೋಗ್ತಿತ್ತು. ಎಷ್ಟು ದಿನ ನೀರುಣಿಸಿದಿರಿ?

ಹೊಸಮನೆ ತೀರ್ಥಹಳ್ಳಿ

ಶೀಟ್ ಎರಡು ದಿನ ಬಿಟ್ಟು ಬಿಚ್ಚಿದ್ದು, ಗೋಣಿಚೀಲ ಸುತ್ತಿ ಏಳು ದಿನ ನೀರು. ಅದಾದ ಮೇಲೆ ಎರಡನೇ ಮುಖ. ಈಗ ಅದಕ್ಕೂ ಹನ್ನೆರಡು ದಿನ ಆಯ್ತು. ಬುಡದಿಂದ ತಟ್ಟಿದರೆ ಉದ್ದಕ್ಕೂ ಒಂದೇ ಶಬ್ದ, ಹಳೆ ಕಾಂಕ್ರೀಟಿನ ಅಂಚಲ್ಲಿ ಉಗುರು ಸಿಗೋವಷ್ಟೂ ಸಂದಿ ಇಲ್ಲ. 28 ದಿನ ಆದ ಮೇಲೆ ಅಲ್ಟ್ರಾಸಾನಿಕ್ ಟೆಸ್ಟ್ (ಶಬ್ದದ ಅಲೆ ಹಾಯಿಸಿ ಒಳಗಿನ ಪೊಳ್ಳು ನೋಡೋದು) ಮಾಡಿಸೋಣ, ಮೂಲೆಯದ್ದನ್ನ ಗಟ್ಟಿ ಪಿಲ್ಲರಿನ ಜೊತೆ ಹೋಲಿಸೋಣ ಅಂದಿದ್ದಾರೆ ಇಂಜಿನಿಯರ್. ಅಲ್ಲಿವರೆಗೆ ಪ್ರಾಪ್ಸ್ ತೆಗೆಯೋ ಹಾಗಿಲ್ಲ.

ಮೊದಲ ಮಹಡಿಯ ಪಿಲ್ಲರುಗಳಿಗೆ ಐದೈದು ಅಡಿಯ ಎರಡು ಹಂತದಲ್ಲಿ ಕಾಂಕ್ರೀಟ್, ವೈಬ್ರೇಟರ್ ಸೈಟಿಗೆ ಬಂದ ಮೇಲೆಯೇ ಸಿಮೆಂಟ್ ಚೀಲ ಒಡೆಯೋದು ಅಂತ ಕಂಟ್ರಾಕ್ಟರ್ ಹತ್ತಿರ ಬರೆಸಿಕೊಂಡಿದ್ದೀನಿ. ಆ ಮರದ ಚಕ್ಕೆ ನಮ್ಮ ಜಗಲಿಯ ಮೇಲೇ ಇದೆ.